ನಾಣೇಘಾಟ್ ಹತ್ತುವ ಮುನ್ನ

ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಒಂದು ಚೀಟಿ ಸಿಕ್ಕಿಸಿಟ್ಟಿದ್ದೇನೆ. ಟಾರ್ಚು, ಸೆಲ್ಲು, ಸೀಟಿ, ಬ್ಯಾಂಡೇಜು, ಬಿ.ಪಿ. ಮಾತ್ರೆ, ಒಂದು ಜೊತೆ ಹೆಚ್ಚಿನ ಕಾಲುಚೀಲ, ಉಪ್ಪು-ಸಕ್ಕರೆ ಪುಡಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ದಿನಕ್ಕೊಂದು ಸಾಮಾನು ಸೇರುತ್ತಾ ಸೇರುತ್ತಾ ಚೀಟಿ ಉದ್ದವಾಗುತ್ತಿದೆ. ನಮ್ಮ ಮನೆಯಾಕೆ ಅದನ್ನು ಓದಿ, "ರಾತ್ರಿ ಮೊಣಕಾಲಿಗೆ ಎಣ್ಣಿ ತಿಕ್ಕಿಸ್ಕೋತೀರಿ, ಮುಂಜಾನೆ ಎದ್ದು ಗುಡ್ಡ ಏರ್ತೀನಿ ಅಂತೀರಿ. ಈ ವಯಸ್ಸಿನಾಗ ಯಾಕ್ರೀ?" ಅಂದಳು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡೋಣ ಅಂತಲೇ ಇದನ್ನು ಬರೆಯಲು ಕೂತೆ.

ಡಿಸೆಂಬರಿನ ಒಂದು ಭಾನುವಾರ ನಾವು ಹನ್ನೊಂದು ಜನ ನಾಣೇಘಾಟ್ ಹತ್ತುವುದೆಂದು ನಿಶ್ಚಯವಾಗಿದೆ. ಠಾಣೆಯಿಂದ ಮೂವರು, ವಾಶಿಯಿಂದ ಇಬ್ಬರು, ಉಳಿದವರೆಲ್ಲ ಡೊಂಬಿವಲಿ-ಕಲ್ಯಾಣದವರು. ಎಲ್ಲರೂ ಕನ್ನಡದವರೇ. ಹೆಚ್ಚಿನವರು ನನ್ನ ಹಾಗೆ ಇಲ್ಲಿಗೆ ಬಂದು ನಾಲ್ಕು ದಶಕ ಮುಗಿಸಿದವರು. ಆರನೇ ಕ್ಲಾಸಿನ ನನ್ನ ಮೊಮ್ಮಗನೂ ಬರುತ್ತಾನೆ. ದಾರಿ ತೋರಿಸಲು ಬುಡದ ಹಳ್ಳಿಯವರೊಬ್ಬರು ಒಪ್ಪಿಕೊಂಡಿದ್ದಾರೆ. ಮರಾಠಿಯಲ್ಲಿ ಇಂಥವರಿಗೆ 'ವಾಟಾಡ್ಯಾ' ಅನ್ನುತ್ತಾರೆ. ವಾಟ್ ಎಂದರೆ ದಾರಿ, ದಾರಿ ಬಲ್ಲವನು ವಾಟಾಡ್ಯಾ. ನಾವು ಅವರನ್ನು ದಾದಾ ಅಂತ ಕರೆಯುತ್ತೇವೆ.

ಗೊತ್ತಿಲ್ಲದವರಿಗೆ ಜಾಗದ ಗುರುತು ಹೇಳಿಬಿಡುತ್ತೇನೆ. ಕಲ್ಯಾಣದಿಂದ ಮುರಬಾಡ ದಾಟಿ, ಟೋಕಾವಡೆ ದಾಟಿ, ಮಾಳಶೇಜ್ ಘಾಟಿನ ಕಡೆ ಹೋಗುವ ಅಹಮದ್‌ನಗರ (2024ರಿಂದ ಅದು ಅಹಿಲ್ಯಾನಗರ) ರಸ್ತೆಯಲ್ಲಿ ವೈಶಾಖರೆ ಎಂಬ ಹಳ್ಳಿ ಇದೆ. ಎಸ್.ಟಿ. ಬಸ್ಸಿನಲ್ಲಿ ಎರಡು ತಾಸಿನ ದಾರಿ. ಅಲ್ಲಿಳಿದು ಬಲಕ್ಕೆ ನೋಡಿದರೆ ಹೆಬ್ಬೆರಳು ಎತ್ತಿ ತೋರಿಸಿದಂತೆ ಒಂದು ಬಂಡೆ ಕಾಣುತ್ತದೆ. ಊರವರು ಅದನ್ನು 'ನಾನಾಚಾ ಅಂಗಠಾ', ಅಂದರೆ ನಾನಾನ ಹೆಬ್ಬೆರಳು ಅನ್ನುತ್ತಾರೆ. ಅದರ ಪಕ್ಕದ ಸಂದಿನಲ್ಲೇ ಕೊಂಕಣದಿಂದ ಘಟ್ಟದ ಮೇಲಕ್ಕೆ ದಾರಿ. ಕಾಡು, ಕಲ್ಲುಮೆಟ್ಟಿಲು ಎಲ್ಲ ಸೇರಿ ಮೂರು ತಾಸು ಏರಬೇಕು. ಮೇಲೆ ಹೋದರೆ ಜುನ್ನರ್ ಸೀಮೆ. ಜುನ್ನರ್ ಕಡೆಯಿಂದ ಕಾರು ನೆತ್ತಿಯ ತನಕ ಬರುತ್ತದೆ, ಏರಲಾಗದವರು ಹಾಗೆ ಬಂದು ನೋಡಬಹುದು.

ಈ ಘಾಟಿಗೆ ನಾನು ಹೊಸಬನಲ್ಲ. 1994ರ ಮಾರ್ಚಿನಲ್ಲಿ ಆಫೀಸಿನ ಗೆಳೆಯರು ನಾವು ನಾಲ್ವರು ಒಂದು ಶನಿವಾರ ಹೊರಟಿದ್ದೆವು. ಪೇಪರಿನಲ್ಲಿ ಯಾರೋ ಬರೆದದ್ದನ್ನು ಓದಿದ್ದೇ ನಮ್ಮ ತಯಾರಿ. ಬಾಟಾ ಚಪ್ಪಲಿ, ನಾಲ್ವರಿಗೆ ಎರಡು ಬಾಟಲಿ ನೀರು, ಒಂದು ಪುಡಿಕೆ ಫರಸಾಣ. ದಾರಿ ಕೇಳಲು ನಾಚಿಕೆ. "ಗುಡ್ಡ ಎದುರಿಗೇ ಕಾಣ್ತಿದೆಯಲ್ಲ, ಅದಕ್ಕೆ ಮತ್ತೊಬ್ಬ ಯಾಕೆ?" ಎಂದವನು ನಾನೇ.

ಮಾರ್ಚಿನಲ್ಲಿ ಹುಲ್ಲು ಒಣಗಿ ದನದ ಹಾದಿಗಳೆಲ್ಲ ದೊಡ್ಡ ರಸ್ತೆಯ ಹಾಗೆ ಕಾಣುತ್ತವೆ. ಅಂಥದ್ದೊಂದು ಹಾದಿ ಹಿಡಿದು ಒಂದೂವರೆ ತಾಸು ನಡೆದ ಮೇಲೆ ಮುಂದೆ ಕಡಿದಾದ ಬಂಡೆ, ಹಿಂದೆ ಎಲ್ಲಿಂದ ಬಂದೆವೋ ಗುರುತಿಲ್ಲ. ನೀರು ಮುಗಿದಿತ್ತು. ನಮ್ಮಲ್ಲೊಬ್ಬರಿಗೆ ತಲೆ ಸುತ್ತಿ ವಾಂತಿ ಶುರುವಾಯಿತು. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಎಮ್ಮೆ ಮೇಯಿಸುವ ಒಬ್ಬ ಮುದುಕ ಬಂದ. ಯಾರು, ಎಲ್ಲಿಂದ ಅಂತ ಕೇಳಲಿಲ್ಲ. ಮೊದಲು ಕೇಳಿದ್ದು, "ಪಾಣೀ ಆಹೇ ಕಾ?"

ಇಲ್ಲ ಅಂದೆವು. ಮಾತಾಡದೆ ಮುಂದೆ ನಡೆದ. ಸರಿದಾರಿಗೆ ತಂದು, ಮೇಲೆ ಹತ್ತಿಸಿ, ಬಂಡೆಯಲ್ಲಿ ಕೊರೆದ ಒಂದು ತೊಟ್ಟಿಯ ಮುಂದೆ ನಿಲ್ಲಿಸಿದ. ಒಳಗೆ ತಣ್ಣಗಿನ ನೀರು. ಹೊಟ್ಟೆ ತುಂಬ ಕುಡಿದು, ಮುಖ ತೊಳೆದು, ಅಲ್ಲೇ ಇದ್ದ ಗವಿಯ ನೆರಳಲ್ಲಿ ಒಂದು ತಾಸು ಮಲಗಿದೆವು. ಗೋಡೆಯ ತುಂಬ ಏನೇನೋ ಅಕ್ಷರ. ಕಣ್ಣು ಹಾಯಿಸಿದೆವು ಅಷ್ಟೆ, ಏನೆಂದು ಯಾರೂ ಕೇಳಲಿಲ್ಲ. ಮುದುಕನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಇಳಿದು ಬಂದೆವು. ಹೆಸರು ಕೂಡ ಕೇಳಲಿಲ್ಲ ನೋಡಿ, ಆ ಸಂಕೋಚ ನನಗೆ ಇವತ್ತಿಗೂ ಇದೆ.

ಯಾವ ನೀರು ಕುಡಿದೆವು, ಯಾವ ಗವಿಯಲ್ಲಿ ಮಲಗಿದೆವು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಪುಸ್ತಕ ಓದುವ ಚಟ ಹತ್ತಿದ ಮೇಲೆ.

ನಮ್ಮ ಕಲ್ಯಾಣ ಇದೆಯಲ್ಲ, ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಿಂದ ಮಾತ್ರ ನಮಗೆ ಗೊತ್ತಿರುವ ಊರು, ಅದು ಎರಡು ಸಾವಿರ ವರ್ಷದ ಹಿಂದೆ ದೊಡ್ಡ ಬಂದರು. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದ 'ಪೆರಿಪ್ಲಸ್' ಎಂಬ ಸಮುದ್ರಯಾನದ ಕೈಪಿಡಿಯಲ್ಲಿ 'ಕಲ್ಲಿಯೇನಾ' ಎಂಬ ಹೆಸರಿನಲ್ಲಿ ಇದರ ಪ್ರಸ್ತಾಪ ಇದೆ. ಹಿಂದಿನ ರಾಜನ ಕಾಲದಲ್ಲಿ ವ್ಯಾಪಾರಕ್ಕೆ ಮುಕ್ತವಾಗಿತ್ತು, ಈಗ ಗ್ರೀಕ್ ಹಡಗು ಅಕಸ್ಮಾತ್ ಅಲ್ಲಿ ಸೇರಿದರೆ ಕಾವಲು ಹಾಕಿ ಭರೂಚಿಗೆ ಕಳಿಸುತ್ತಾರೆ ಎಂದು ಅವನು ದೂರುತ್ತಾನೆ. ಕಾನ್ಹೇರಿ ಗುಹೆಗಳ ಶಾಸನಗಳಲ್ಲೂ ಕಲ್ಯಾಣದ ವ್ಯಾಪಾರಿಗಳು ಕೊಟ್ಟ ದಾನಗಳ ಲೆಕ್ಕ ಸಿಗುತ್ತದೆ.

ಬಂದರಿಗೆ ಸರಕು ಬರಬೇಕಲ್ಲ? ಶಾತವಾಹನರ ಪೈಠಣದಿಂದ, ಜುನ್ನರಿನಿಂದ ಎತ್ತು, ಕತ್ತೆಗಳ ಮೇಲೆ ಮೂಟೆ ಹೇರಿಕೊಂಡು ಇಳಿಯುತ್ತಿದ್ದ ದಾರಿಯೇ ನಾಣೇಘಾಟ್. ನಾವು ಭಾನುವಾರದ ಶೋಕಿಗೆ ಏರುವ ಮೆಟ್ಟಿಲು ಅವರಿಗೆ ಹೊಟ್ಟೆಪಾಡಿನ ದಾರಿ. ಅಪರಿಚಿತ ಸೀಮೆಯಿಂದ ಬಂದವರು, ಭಾಷೆ ಬಾರದವರು, ಹೆಗಲ ಮೇಲೆ ಭಾರ ಹೊತ್ತವರು. ಅವರಿಗೂ ಮೊದಲು ಬೇಕಾದದ್ದು ನೀರು, ನೆರಳು, ದಾರಿ.

ಘಾಟಿನ ನೆತ್ತಿಗೆ ಸ್ವಲ್ಪ ಕೆಳಗಿರುವ ದೊಡ್ಡ ಗವಿಯ ಎಡ ಬಲ ಗೋಡೆಗಳ ಮೇಲೆ ಒಂದು ಉದ್ದನೆಯ ಶಾಸನ ಇದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿಸ್ತಪೂರ್ವ ಒಂದನೇ ಶತಮಾನ ಎಂದು ಹಲವರು ಹೇಳುತ್ತಾರೆ, ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಶಾತಕರ್ಣಿ ಎಂಬ ಶಾತವಾಹನ ಅರಸನ ರಾಣಿ ನಾಗನಿಕಾ ಇದನ್ನು ಬರೆಸಿದಳು ಎಂಬುದು ವಿದ್ವಾಂಸರ ಅಭಿಪ್ರಾಯ. ಧರ್ಮ, ಇಂದ್ರ, ಸಂಕರ್ಷಣ, ವಾಸುದೇವ, ಚಂದ್ರ, ಸೂರ್ಯ, ಲೋಕಪಾಲಕರಿಗೆಲ್ಲ ನಮಸ್ಕಾರ ಹೇಳಿ ಅದು ಶುರುವಾಗುತ್ತದೆ. ಆಮೇಲೆ ಅಶ್ವಮೇಧ, ರಾಜಸೂಯ ಮುಂತಾದ ಯಜ್ಞಗಳು, ಒಂದೊಂದಕ್ಕೂ ಕೊಟ್ಟ ದಕ್ಷಿಣೆ. ಹಸುಗಳೆಷ್ಟು, ಆನೆಗಳೆಷ್ಟು, ಕುದುರೆಗಳೆಷ್ಟು, ಕಾರ್ಷಾಪಣವೆಂಬ ನಾಣ್ಯಗಳೆಷ್ಟು, ಎಲ್ಲ ಅಂಕಿಗಳಲ್ಲಿ. ಮದುವೆಮನೆಯಲ್ಲಿ ಮುಯ್ಯಿ ಬರೆದಿಡುವ ಪಟ್ಟಿಯ ಹಾಗೆ!

ಆ ಅಂಕಿಗಳೇ ಈ ಗವಿಯನ್ನು ಜಗತ್ತಿಗೆ ಪರಿಚಯಿಸಿದವು. ಬ್ರಿಟಿಷ್ ಅಧಿಕಾರಿ ಕರ್ನಲ್ ಸೈಕ್ಸ್ 1828ರಲ್ಲಿ ಇಲ್ಲಿಗೆ ಬಂದ. 1876ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಇಲ್ಲಿನ ಸಂಖ್ಯೆಗಳ ಮೇಲೆ ಲೇಖನ ಬರೆದರು. 1883ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್ ಶಾಸನಗಳ ಪಾಠ ಅಚ್ಚು ಮಾಡಿದ. ನಮ್ಮ ದೇಶದ ಅತಿ ಹಳೆಯ ಅಂಕಿಗಳ ಸಾಲಿನಲ್ಲಿ ಇವುಗಳಿಗೆ ಜಾಗ ಇದೆ. ಆಗಿನ್ನೂ ಸೊನ್ನೆಯಿಲ್ಲ. 24,400 ಎಂದು ಬರೆಯಬೇಕಾದರೆ ಇಪ್ಪತ್ತು ಸಾವಿರಕ್ಕೊಂದು ಗುರುತು, ನಾಲ್ಕು ಸಾವಿರಕ್ಕೊಂದು, ನಾಲ್ಕು ನೂರಕ್ಕೊಂದು. ಮೊಮ್ಮಗನಿಗೆ ಇದನ್ನು ಹೇಳಿದಾಗ, "ಅಜ್ಜಾ, ಹಾಗಾದ್ರೆ ಅವರಿಗೆ ಕ್ಯಾಲ್ಕುಲೇಟರ್ ಮಾಡೋದು ಕಷ್ಟ ಆಗ್ತಿತ್ತು" ಅಂದ.

ಇವನ ವಿಷಯ ಬಂದದ್ದಕ್ಕೆ ಒಂದು ಮಾತು. ಇಂಗ್ಲಿಷ್ ಶಾಲೆ, ಮರಾಠಿ-ಹಿಂದಿ ಪಾಠ. ದೇವನಾಗರಿ ಸಲೀಸಾಗಿ ಓದುತ್ತಾನೆ. ಕನ್ನಡ ಮಾತಾಡುತ್ತಾನೆ, ಅಕ್ಷರ ಬರುವುದಿಲ್ಲ. "ನಂದು ಬೇರೆ ಲಿಪಿ, ನಿಂದು ಬೇರೆ" ಅನ್ನುತ್ತಾನೆ. ಆ ಗವಿಯ ಗೋಡೆಯ ಮುಂದೆ ನಿಲ್ಲಿಸಿ ಅವನಿಗೆ ಒಂದೇ ಒಂದು ವಿಷಯ ತೋರಿಸಬೇಕು. ಅವನ ದೇವನಾಗರಿಯೂ ನನ್ನ ಕನ್ನಡ ಅಕ್ಷರವೂ ಇದೇ ಬ್ರಾಹ್ಮಿಯ ಮಕ್ಕಳು. ಒಂದು ಉತ್ತರದಲ್ಲಿ ಬೆಳೆದದ್ದು, ಇನ್ನೊಂದು ದಕ್ಷಿಣದಲ್ಲಿ ಬೆಳೆದದ್ದು, ಅಷ್ಟೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಊಟದ ಮೇಜಿಗೆ ಕೂತಿವೆ.

ಈಗ ತೊಟ್ಟಿಯ ಕಥೆ. ಘಾಟಿನಲ್ಲಿ ಬಂಡೆ ಕೊರೆದ ನೀರಿನ ತೊಟ್ಟಿಗಳು ಹಲವಿವೆ. ಅವುಗಳಲ್ಲೊಂದರ ಬಳಿ ಒಂದು ಚಿಕ್ಕ ಶಾಸನ ಸಿಕ್ಕಿದೆ. ಚತರಪಣ ಶಾತಕರ್ಣಿ ಎಂಬ ಅರಸನ 13ನೇ ವರ್ಷದಲ್ಲಿ ದಾಮಘೋಷ ಎಂಬವನು ಮಾಡಿಸಿದ ತೊಟ್ಟಿ ಎಂಬುದು ಅದರ ಸಾರ. ಅವನು ರಾಜನಲ್ಲ, ಮಂತ್ರಿಯಲ್ಲ, ಒಬ್ಬ ಗೃಹಸ್ಥ. ನಮ್ಮ ನಿಮ್ಮಂಥವನು. ಅರಸನ ಮನೆಯವರು ಆನೆ-ಕುದುರೆಗಳ ಲೆಕ್ಕ ಬರೆಸಿದ ಜಾಗದಲ್ಲೇ ಈತ, ಮುಂದೆ ಬರುವವರಿಗೆ ನೀರಿರಲಿ ಅಂತ ಕಲ್ಲು ಕೊರೆಸಿದ. 1994ರಲ್ಲಿ ನಾವು ಕುಡಿದದ್ದು ಅದೇ ತೊಟ್ಟಿಯೋ ಪಕ್ಕದ್ದೋ, ಗೊತ್ತಿಲ್ಲ. ಅಂತೂ ನಾವು ಮಾಡಿಕೊಳ್ಳದ ತಯಾರಿಯನ್ನು ಎಷ್ಟೋ ಶತಮಾನ ಮೊದಲೇ ಯಾರೋ ನಮಗಾಗಿ ಮಾಡಿಟ್ಟಿದ್ದರು.

ನೆತ್ತಿಯ ಮೇಲೆ ಒಂದು ಭಾರಿ ಕಲ್ಲಿನ ಗುಡಾಣ ಇದೆ. ಜಕಾತಿಯ ರಾಂಜಣ ಅನ್ನುತ್ತಾರೆ. ವ್ಯಾಪಾರಿಗಳು ಸುಂಕದ ನಾಣ್ಯವನ್ನು ಇದರಲ್ಲಿ ಹಾಕಿ ಹೋಗುತ್ತಿದ್ದರಂತೆ. ನಾಣೆ ಅಂದರೆ ಮರಾಠಿಯಲ್ಲಿ ನಾಣ್ಯವೇ. ಹಾಗಾಗಿ ಹೆಸರು ಅಲ್ಲಿಂದ ಬಂತು ಅನ್ನುವವರಿದ್ದಾರೆ. ಊರವರ ಕಥೆಯಲ್ಲಿ ನಾನಾ ಮತ್ತು ಗುಣಾ ಎಂಬ ಅಣ್ಣತಮ್ಮಂದಿರು ದಾರಿ ಮಾಡಿದರು. ಎರಡರಲ್ಲಿ ನಿಮಗೆ ಯಾವುದು ಹಿಡಿಸುತ್ತದೋ ಅದನ್ನು ಇಟ್ಟುಕೊಳ್ಳಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಗವಿಯ ಹಿಂದಿನ ಗೋಡೆ. ಅಲ್ಲಿ ಸಾಲಾಗಿ ಆಳೆತ್ತರದ ಮೂರ್ತಿಗಳಿದ್ದವು. ಮೇಲ್ಗಡೆ ಹೆಸರುಗಳು: ಸಿಮುಕ ಶಾತವಾಹನ, ದೇವಿ ನಾಗನಿಕಾ, ಶಾತಕರ್ಣಿ, ಕೆಲವು ರಾಜಕುಮಾರರು, ಮಹಾರಠಿ ತ್ರಣಕಯಿರ. ಈಗ ಮೂರ್ತಿಗಳು ಹೋಗಿವೆ. ಹೆಸರು ಉಳಿದಿದೆ, ಪಾದಗಳ ಗುರುತು ಉಳಿದಿದೆ, ನಡುವೆ ಮನುಷ್ಯರೇ ಇಲ್ಲ.

ಇದನ್ನು ಓದಿದ ದಿನ ನಾನು ಥಟ್ಟನೆ ನಮ್ಮೂರಿಗೆ ಹೋದೆ, ಮನಸ್ಸಿನಲ್ಲಿ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ಕಡೆಯವನು. ನಮ್ಮ ಹಳ್ಳಿಗೆ ಸನ್ನತಿ ದೂರವಲ್ಲ. ಚಿಕ್ಕವರಿದ್ದಾಗ ಚಂದ್ರಲಾಂಬಾ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ದಂಡೆಯ ಮೇಲೆ, 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. 'ರಾಯೋ ಅಸೋಕೋ' ಎಂದು ಹೆಸರು ಬರೆದ ಅಶೋಕನ ಚಿತ್ರಶಿಲ್ಪ ಸಿಕ್ಕಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅಷ್ಟೇ ಅಲ್ಲ, ಶಾತವಾಹನ ಅರಸರ ಶಿಲ್ಪಗಳೂ ಹೆಸರುಗಳ ಸಮೇತ ಸಿಕ್ಕವು. ಶಾತಕರ್ಣಿಯ ಹೆಸರಿದೆ, ಪುಳುಮಾವಿಯ ಹೆಸರಿದೆ. ಒಂದು ಶಾಸನದಲ್ಲಿ ಛಿಮುಕ ಶಾತವಾಹನನ ಹೆಸರಿದೆ. ನಾಣೇಘಾಟಿನ ಸಿಮುಕ ಇವನೇ ಎಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಹೆಸರುಗಳ ಕೆಳಗೆ ಆಕಾರವಿಲ್ಲದ ಮನೆತನಕ್ಕೆ ಅಲ್ಲಿ ನಮ್ಮೂರ ಹೊಲದ ಮಣ್ಣಿನೊಳಗೆ ಆಕಾರ ಇತ್ತು. ನಾನು ಹುಡುಗನಾಗಿ ಓಡಾಡಿದ ನೆಲದ ಕೆಳಗೆ!

ಇನ್ನೊಂದು ಸಂಗತಿ ಹೇಳಿದರೆ ನೀವು ನಕ್ಷೆ ತೆಗೆದು ನೋಡುತ್ತೀರಿ. ನಾಣೇಘಾಟ್ ನೀರು ಬೇರೆಯಾಗುವ ಏಣು. ಪಶ್ಚಿಮಕ್ಕೆ ಬಿದ್ದ ಮಳೆ ಹಳ್ಳಗಳಲ್ಲಿ ಇಳಿದು ಕಾಳು ನದಿ ಸೇರಿ, ಕಲ್ಯಾಣದ ಹತ್ತಿರ ಉಲ್ಹಾಸ ನದಿಗೆ ಕೂಡಿ, ನಮ್ಮ ಡೊಂಬಿವಲಿಯ ಖಾಡಿಯ ಮುಂದೆ ಹಾದು ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಕುಕಡಿ ನದಿಗೆ. ಕುಕಡಿ ಘೋಡ್ ನದಿಗೆ, ಘೋಡ್ ಭೀಮೆಗೆ. ಭೀಮೆ ಪಂಢರಪುರ ಮುಟ್ಟಿ, ಗಾಣಗಾಪುರ ಮುಟ್ಟಿ, ಸನ್ನತಿಗೆ ಬರುತ್ತಾಳೆ. ಒಂದೇ ಮೋಡದ ಎರಡು ಹನಿ. ಒಂದು ನನ್ನ ಈಗಿನ ಮನೆಗೆ, ಇನ್ನೊಂದು ನಾನು ಬಿಟ್ಟು ಬಂದ ಮನೆಗೆ. ಇಲ್ಲಿನವನೋ ಅಲ್ಲಿನವನೋ ಎಂದು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಆ ಏಣಿನ ಮೇಲೆ ಒಮ್ಮೆ ತಿಳಿದು ನಿಲ್ಲಬೇಕು ಅನ್ನುವುದೇ ಮನೆಯಾಕೆಯ "ಯಾಕ್ರೀ?"ಗೆ ನನ್ನ ಉತ್ತರ.

ದಾರಿ ತೋರಿಸುವವರ ಬಗ್ಗೆಯೂ ಹೇಳಬೇಕು. ನಮ್ಮ ಕಡೆಯವರೆಲ್ಲ ವಾಡಿ, ಕಲಬುರಗಿ, ಸೊಲ್ಲಾಪುರದಿಂದ ರೈಲು ಹತ್ತಿ ಬೋರ್ ಘಾಟ್ ಇಳಿದು ಬಂದವರು. ಆ ಘಾಟಿನ ರೈಲು ಶುರುವಾದದ್ದು 1863ರಲ್ಲಿ. ಅದಕ್ಕೆ ಮೊದಲು ಐದು ವರ್ಷ ಮೇಲೊಂದು ರೈಲು, ಕೆಳಗೊಂದು ರೈಲು, ನಡುವಿನ ಘಟ್ಟವನ್ನು ಜನ ಪಲ್ಲಕ್ಕಿಯಲ್ಲೋ ಕುದುರೆಯ ಮೇಲೋ ದಾಟುತ್ತಿದ್ದರು. ಖೋಪೋಲಿಯಿಂದ ಖಂಡಾಳಕ್ಕೆ ಏರುವ ಹಳೆಯ ರಸ್ತೆಯಲ್ಲಿ ಶಿಂಗ್ರೋಬಾನ ಚಿಕ್ಕ ಗುಡಿ ಇದೆ. ಇಂಗ್ಲಿಷ್ ಎಂಜಿನಿಯರರಿಗೆ ಘಟ್ಟದಲ್ಲಿ ದಾರಿ ಸಿಗದೆ ಹೋದಾಗ ಶಿಂಗ್ರೋಬಾ ಎಂಬ ಕುರುಬ ತನ್ನ ದನಕುರಿ ಏರುವ ಜಾಡು ತೋರಿಸಿದ, ಏನು ಬೇಕು ಕೇಳು ಅಂದಾಗ ನಮ್ಮ ದೇಶ ಬಿಟ್ಟು ಹೋಗಿ ಅಂದ, ಅದಕ್ಕೆ ಅವನನ್ನು ಕೊಂದರು ಎಂದು ಅಲ್ಲಿನ ಜನ ಹೇಳುತ್ತಾರೆ. ಇದು ಜನರ ಬಾಯಲ್ಲಿ ಬಂದ ಕಥೆ. ಲಾರಿಯವರು ಇವತ್ತಿಗೂ ಅಲ್ಲಿ ನಾಣ್ಯ ಎಸೆದು ಮುಂದೆ ಹೋಗುತ್ತಾರೆ. ಎಂಜಿನಿಯರರ ಹೆಸರು ದಾಖಲೆಯಲ್ಲಿ ಉಳಿಯಿತು, ದಾರಿ ತೋರಿಸಿದವನ ಹೆಸರು ಗುಡಿಯಲ್ಲಿ ಉಳಿಯಿತು.

ನಾನು 1983ರಲ್ಲಿ ಬಂದಾಗ ನನಗೂ ಒಬ್ಬ ವಾಟಾಡ್ಯಾ ಇದ್ದ. ನಮ್ಮ ಸೋದರಮಾವ. ಯಾವ ಲೋಕಲ್ ಫಾಸ್ಟು, ಯಾವುದು ಸ್ಲೋ, ಇಳಿಯಬೇಕಾದರೆ ಎರಡು ಸ್ಟೇಷನ್ ಮೊದಲೇ ಯಾವ ಬದಿಗೆ ಸರಿಯಬೇಕು, ಯಾವ ಖಾನಾವಳಿಯಲ್ಲಿ ತಿಂಗಳ ಲೆಕ್ಕಕ್ಕೆ ಊಟ ಕೊಡುತ್ತಾರೆ, ಎಲ್ಲ ಹೇಳಿಕೊಟ್ಟವನು ಅವನು. ಮೊದಲ ವಾರ ನನ್ನ ತೋಳು ಹಿಡಿದು ರೈಲು ಹತ್ತಿಸಿದ. ನಿಮಗೂ ಅಂಥ ಒಬ್ಬರು ಇದ್ದಿರಬೇಕು, ನೆನಪು ಮಾಡಿಕೊಳ್ಳಿ. ಊರಿನಲ್ಲಿ ದಾರಿ ತೋರಿಸಲು ಒಬ್ಬರು ಬೇಕು ಎಂದು ಒಪ್ಪಿದ ನಾವು ಗುಡ್ಡದಲ್ಲಿ ಮಾತ್ರ "ಎದುರಿಗೇ ಕಾಣ್ತಿದೆಯಲ್ಲ" ಅನ್ನುತ್ತೇವೆ.

ಹೋದ ವಾರ ದಾದಾ ಅವರಿಗೆ ಫೋನ್ ಮಾಡಿದ್ದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಜನ? ಎಲ್ಲರಿಗಿಂತ ಹಿರಿಯರಿಗೆ ಎಷ್ಟು ವಯಸ್ಸು? ಯಾರಿಗೆ ಸಕ್ಕರೆ, ಬಿ.ಪಿ. ಇದೆ? ಆಮೇಲೆ ಅವರ ಕಟ್ಟಳೆ: ಬೆಳಿಗ್ಗೆ ಏಳಕ್ಕೆ ಬುಡದಲ್ಲಿರಬೇಕು, ಮೂರು ಗಂಟೆಯೊಳಗೆ ಇಳಿದಿರಬೇಕು, ತಲೆಗೆ ಮೂರು ಲೀಟರ್ ನೀರು, ಎಲ್ಲರಿಗಿಂತ ನಿಧಾನ ನಡೆಯುವವರು ಅವರ ಬೆನ್ನ ಹಿಂದೆಯೇ. ಮಳೆಗಾಲದಲ್ಲಿ ಗಾಳಿಗೆ ಜಲಪಾತ ಮೇಲಕ್ಕೆ ಹಾರುವುದನ್ನು ನೋಡಲು ಸಾವಿರಾರು ಜನ ಬರುತ್ತಾರೆ, ಆಗ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ವಯಸ್ಸಾದವರು ಬೇಡ ಎಂದರು. ಅದಕ್ಕೇ ಡಿಸೆಂಬರ್. ಅವರ ಕೂಲಿ ಎಷ್ಟು ಎಂದು ಮೊದಲೇ ಮಾತಾಡಿಕೊಂಡೆವು. ಚೌಕಾಸಿ ಮಾಡಲಿಲ್ಲ. ಮಧ್ಯಾಹ್ನದ ಊಟ ಅವರ ಮನೆಯಲ್ಲೇ, ಅಕ್ಕಿ ರೊಟ್ಟಿ ಮತ್ತು ಪಿಠಲೆ, ಅದಕ್ಕೂ ದುಡ್ಡು ಕೊಡುತ್ತೇವೆ.

ಒಂದು ತಿಂಗಳಿಂದ ನಮ್ಮ ಅಭ್ಯಾಸವೂ ನಡೆದಿದೆ. ವಾಶಿಯವರು ಪಾರಸಿಕ್ ಗುಡ್ಡ ಏರುತ್ತಾರೆ. ಠಾಣೆಯವರು ಯೇವೂರಿನಲ್ಲಿ ನಡೆಯುತ್ತಾರೆ. ನಾನು ಡೊಂಬಿವಲಿ ಸ್ಟೇಷನ್ ಸೇತುವೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತೇನೆ. ಟಿ.ಸಿ. ಎರಡು ಸಲ ಟಿಕೆಟ್ ಕೇಳಿದ್ದಾನೆ! ಹೊಸ ಬೂಟನ್ನು ಅವತ್ತೇ ಮೊದಲು ಹಾಕಬಾರದು ಅಂತ ಈಗಿನಿಂದಲೇ ಹಾಕಿ ಪಳಗಿಸುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗಿ ಇ.ಸಿ.ಜಿ. ಮಾಡಿಸಿಕೊಂಡು ಬಂದೆ. ಕಲ್ಲಿನ ಮೇಲೆ ಹೆಸರು ಗೀಚುವವರು ನಮ್ಮಲ್ಲಿ ಯಾರೂ ಇಲ್ಲ ಎಂದು ದಾದಾಗೆ ಮಾತು ಕೊಟ್ಟಿದ್ದೇನೆ. ಚೀಟಿಯಲ್ಲಿ ಹೊಸದಾಗಿ ಮೊದಲ ಸಾಲು ಸೇರಿಸಿದ್ದೇನೆ: 'ದಾದಾರ ಪೂರ್ತಿ ಹೆಸರು ಕೇಳಿ ಬರೆದುಕೊಳ್ಳುವುದು.' ಮೂವತ್ತು ವರ್ಷದ ಹಿಂದಿನ ಆ ಮುದುಕನ ಸಾಲ ಹಾಗಾದರೂ ಸ್ವಲ್ಪ ತೀರಲಿ.

ಮೊಮ್ಮಗನದೂ ಒಂದು ಯೋಜನೆ ಇದೆ. ಏಣಿನ ಮೇಲೆ ನಿಂತು ಅರ್ಧ ಬಾಟಲಿ ನೀರು ಈ ಕಡೆ, ಅರ್ಧ ಆ ಕಡೆ ಸುರಿಯುತ್ತಾನಂತೆ. ಒಂದು ಡೊಂಬಿವಲಿಗೆ, ಒಂದು ಮುತ್ತಜ್ಜಿಯ ಊರಿಗೆ. ನಡುವೆ ಮಾಣಿಕ್‌ಡೋಹ್ ಅಣೆಕಟ್ಟು, ಉಜನಿ ಅಣೆಕಟ್ಟು ಎಲ್ಲ ಇವೆ ಮಾರಾಯಾ ಅಂದೆ. ಪರವಾಗಿಲ್ಲ, ನಿಧಾನ ಹೋಗಲಿ ಅಂದ. ಗುಡ್ಡದ ಮೇಲೆ ಕುಡಿಯುವ ನೀರು ಚೆಲ್ಲಬಾರದು ಎಂಬುದು ದಾದಾರ ಕಟ್ಟಳೆ. ಕೊನೆಗೆ ಬಾಟಲಿಯ ಮುಚ್ಚಳದಲ್ಲಿ ಒಂದೊಂದು ಮುಚ್ಚಳ ಎಂದು ರಾಜಿಯಾಗಿದೆ.